ನೇರ ಇಂಜೆಕ್ಷನ್ ಎಂಜಿನ್‌ಗಳಲ್ಲಿ ಅಧಿಕ ಒತ್ತಡದ ಅನಿಲ ಇಂಧನಧಾರೆ

ನೈಸರ್ಗಿಕ ಅನಿಲ, ಹೈಡ್ರೋಜನ್ ಮೊದಲಾದ ಅನಿಲ ಇಂಧನಗಳನ್ನು ಇಂಜೆಕ್ಟರಿನ ಕಿರಿದಾದ ರಂಧ್ರದ ಮೂಲಕ ನೇರವಾಗಿ ಎಂಜಿನ್ನಿನ ಸಿಲಿಂಡರಿನೊಳಕ್ಕೆ ನುಗ್ಗಿಸಿದಾಗ ಹುಟ್ಟುವ, ಸೆಕೆಂಡಿನ ಕೆಲವೇ ಸಾವಿರಾಂಶಗಳಷ್ಟು ಕಾಲ ಬಾಳುವ ಪ್ರಕ್ಷುಬ್ಧ ಪ್ರವಾಹವೇ ಅನಿಲ ಇಂಧನಧಾರೆ. ಇಂಧನದ ಒತ್ತಡ ಎಂಜಿನ್ನಿನ ಬಗೆಗೆ ತಕ್ಕಂತೆ 10 ಬಾರ್‌ನಿಂದ 300 ಬಾರ್‌ವರೆಗೆ ಇರುತ್ತದೆ. ಒಂದು ಬಾರ್ ಎಂದರೆ ಸಮುದ್ರಮಟ್ಟದಲ್ಲಿ ವಾತಾವರಣ ಹೇರುವ ಒತ್ತಡಕ್ಕೆ ಹೆಚ್ಚುಕಡಿಮೆ ಸಮನಾದ ಅಳತೆ. ಧಾರೆ ಎಷ್ಟು ದೂರ ಹೋಗುತ್ತದೆ, ದಾರಿಯಲ್ಲಿ ಎಷ್ಟು ಗಾಳಿಯನ್ನು ತನ್ನೊಳಗೆ ಸೆಳೆದುಕೊಳ್ಳುತ್ತದೆ, ಗೋಡೆಗೆ ತಾಗುತ್ತದೆಯೋ ಇಲ್ಲವೋ ಎಂಬ ಸಂಗತಿಗಳೇ ಎಂಜಿನ್ನಿನ ದಕ್ಷತೆಯನ್ನೂ ಹೊಗೆಕೊಳವೆಯಿಂದ ಹೊರಬೀಳುವ ಕಶ್ಮಲವನ್ನೂ ಬಹುಮಟ್ಟಿಗೆ ನಿರ್ಧರಿಸುವುದರಿಂದ, ಈ ಧಾರೆಯ ವರ್ತನೆ ದಹನಶಾಸ್ತ್ರದಲ್ಲಿ ಒಂದು ಪ್ರತ್ಯೇಕ ಅಧ್ಯಯನ ವಿಷಯವಾಗಿ ಬೆಳೆದಿದೆ.

ಭಾರತದ ರಸ್ತೆಗಳಲ್ಲಿ ಓಡುವ ಸಿಎನ್‌ಜಿ ಆಟೋಗಳಲ್ಲೂ ಬಸ್ಸುಗಳಲ್ಲೂ ಅನಿಲವನ್ನು ಸುಮಾರು 200 ಬಾರ್ ಒತ್ತಡದಲ್ಲಿ ತುಂಬಿಸಿಕೊಂಡಿದ್ದರೂ, ಆ ಒತ್ತಡವನ್ನು ರೆಗ್ಯುಲೇಟರ್ ಕೆಲವೇ ಬಾರ್‌ಗಳಿಗೆ ಇಳಿಸಿ, ಅನಿಲವನ್ನು ಗಾಳಿ ಒಳಬರುವ ಕೊಳವೆಯಲ್ಲಿಯೇ ಬೆರೆಸುವುದು ರೂಢಿ. ಈ ಕ್ರಮ ಸರಳ, ಅಗ್ಗ. ಆದರೆ ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅನಿಲ ಇಂಧನ ಜಾಗ ತಿನ್ನುತ್ತದೆ. ಇಂಧನವೂ ಆಮ್ಲಜನಕವೂ ಎರಡೂ ಪೂರ್ತಿ ಖರ್ಚಾಗುವ ಸರಿಸಮ ಮಿಶ್ರಣದಲ್ಲಿ ಮೀಥೇನ್ ಗಾತ್ರದ ಲೆಕ್ಕದಲ್ಲಿ ಶೇಕಡಾ 9.5ರಷ್ಟನ್ನೂ ಹೈಡ್ರೋಜನ್ ಶೇಕಡಾ 30ಕ್ಕೆ ಸಮೀಪದಷ್ಟನ್ನೂ ಆಕ್ರಮಿಸುತ್ತವೆ. ಅಷ್ಟು ಗಾಳಿ ಸಿಲಿಂಡರಿನ ಹೊರಗೇ ಉಳಿದು, ಎಂಜಿನ್ನಿನ ಶಕ್ತಿ ಆ ಮಟ್ಟಿಗೆ ಕುಗ್ಗುತ್ತದೆ. ಮೊದಲೇ ಬೆರೆತ ಮಿಶ್ರಣ ಸಂಪೀಡನದ ಕಾವಿಗೆ ತಾನಾಗಿಯೇ ಸಿಡಿದು ಎಂಜಿನ್ನನ್ನು ಬಡಿಯುವ ಅಪಾಯವಿದೆ; ಹೈಡ್ರೋಜನ್ನಿನ ವಿಷಯದಲ್ಲಿ ಬೆಂಕಿ ಒಳಗಾಳಿಯ ಕೊಳವೆಗೇ ಹಿಮ್ಮೆಟ್ಟಿ ಹೊತ್ತಿಕೊಳ್ಳುವುದೂ ಉಂಟು. ಗಾಳಿಯ ವಾಲ್ವುಗಳು ಮುಚ್ಚಿದ ಮೇಲೆ ಇಂಧನವನ್ನು ಒಳಕ್ಕೆ ಬಿಟ್ಟರೆ ಈ ತೊಡಕುಗಳು ಬಹುಪಾಲು ಇಲ್ಲವಾಗುತ್ತವೆ. ಹೊಸ ತೊಡಕೊಂದು ಮಾತ್ರ ಆ ಜಾಗಕ್ಕೆ ಬರುತ್ತದೆ: ಒಳಗಾಳಿಯ ಕೊಳವೆಯಲ್ಲಿ ಧಾರಾಳವಾದ ಸಮಯದಲ್ಲಿ ನಡೆಯುತ್ತಿದ್ದ ಬೆರಕೆ ಈಗ ಕಣ್ಣೆವೆ ಮುಚ್ಚುವುದಕ್ಕಿಂತ ಎಷ್ಟೋ ಕಡಿಮೆ ಅವಧಿಯಲ್ಲಿ ಮುಗಿಯಬೇಕು, ಮತ್ತು ಆ ಕೆಲಸವನ್ನು ಧಾರೆ ತಾನೇ ಮಾಡಬೇಕು.

ದ್ರವಧಾರೆಗೂ ಅನಿಲಧಾರೆಗೂ ಇರುವ ಭೇದ

ಡೀಸೆಲ್ ಇಂಜೆಕ್ಟರಿನಿಂದ ಹೊರಬೀಳುವುದು ದ್ರವ. ಅದು ಎಳೆಗಳಾಗಿ, ಎಳೆಗಳು ಹನಿಗಳಾಗಿ, ಹನಿಗಳು ಆವಿಯಾಗಿ ಒಡೆದ ಬಳಿಕವೇ ಗಾಳಿಯೊಡನೆ ಬೆರೆಯಬಲ್ಲದು. ಅನಿಲಧಾರೆಯಲ್ಲಿ ಹನಿಯೂ ಇಲ್ಲ, ಮೇಲ್ಮೈ ಕರ್ಷಣವೂ ಇಲ್ಲ, ಆವಿಯಾಗುವ ಹಂತವೂ ಇಲ್ಲ. ರಂಧ್ರ ದಾಟಿದ ಕ್ಷಣದಿಂದಲೇ ಬೆರಕೆ ಆರಂಭವಾಗುತ್ತದೆ. ಇದನ್ನು ನೋಡಿ ಅನಿಲವನ್ನು ಬೆರೆಸುವುದು ಸುಲಭವೆಂದು ತೋರುವುದು ಸಹಜವಾದರೂ ವಾಸ್ತವ ಹಾಗಿಲ್ಲ. ಡೀಸೆಲ್ಲಿನ ಸಾಂದ್ರತೆ ಘನಮೀಟರಿಗೆ 830 ಕಿಲೋಗ್ರಾಂ ಆಸುಪಾಸಿನಲ್ಲಿದ್ದರೆ, 300 ಬಾರ್ ಒತ್ತಡದಲ್ಲಿ ಕೋಣೆಯ ಉಷ್ಣತೆಯಲ್ಲಿರುವ ಮೀಥೇನಿನದು ಸುಮಾರು 200 ಕಿಲೋಗ್ರಾಂ, ಹೈಡ್ರೋಜನ್ನಿನದು ಕೇವಲ 20 ಕಿಲೋಗ್ರಾಂ. ಸಾಂದ್ರತೆ ಹೀಗೆ ಕಡಿಮೆಯಾದಷ್ಟೂ ಅಷ್ಟೇ ಶಕ್ತಿಯನ್ನು ಒಳತರಲು ರಂಧ್ರವನ್ನು ಹಿಗ್ಗಿಸಬೇಕಾಗುತ್ತದೆ, ಅಥವಾ ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಡಬೇಕಾಗುತ್ತದೆ. ರಂಧ್ರ ದೊಡ್ಡದಾದರೆ ಬೆರಕೆ ನಿಧಾನವಾಗುತ್ತದೆ, ಸಮಯ ಹೆಚ್ಚಾದರೆ ದಹನ ಹಿಂದೆ ಬೀಳುತ್ತದೆ.

ಚರಿತ್ರೆಯ ಒಂದು ಸಂಗತಿಯನ್ನು ಇಲ್ಲಿ ನೆನೆಯುವುದು ಉಚಿತ. ರುಡಾಲ್ಫ್ ಡೀಸೆಲ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ಯಶಸ್ವಿಯಾಗಿ ಓಡಿಸಿದ ಎಂಜಿನ್ನಿನಲ್ಲಿ ಎಣ್ಣೆಯನ್ನು ಸಿಲಿಂಡರಿನೊಳಕ್ಕೆ ತಳ್ಳುತ್ತಿದ್ದದ್ದು ಪಂಪಿನ ಒತ್ತಡವಲ್ಲ, ಸಂಪೀಡಿತ ಗಾಳಿಯ ಧಾರೆ. ಎಣ್ಣೆಯನ್ನು ನೇರವಾಗಿ ಚಿಮ್ಮಿಸಬಲ್ಲ ಪಂಪುಗಳು ಬಂದ ಮೇಲೆ ಆ ಪದ್ಧತಿ ಮರೆಗೆ ಸರಿಯಿತು. ಅಧಿಕ ಒತ್ತಡದ ಅನಿಲಧಾರೆ, ಹಾಗೆ ನೋಡಿದರೆ, ಡೀಸೆಲ್ ಎಂಜಿನ್ನಿನೊಡನೆಯೇ ಹುಟ್ಟಿದ್ದು. ಆಗ ಅದು ಇಂಧನವನ್ನು ಹೊತ್ತು ತರುತ್ತಿತ್ತು, ಈಗ ಅದೇ ಇಂಧನವಾಗಿದೆ.

ರಂಧ್ರದ ಬಾಯಿಯಲ್ಲಿ

ಕಿರಿದಾದ ರಂಧ್ರದ ಮೂಲಕ ಅನಿಲ ಹರಿಯುವಾಗ ಹೊರಗಿನ ಒತ್ತಡವನ್ನು ಕ್ರಮೇಣ ಇಳಿಸುತ್ತ ಹೋದರೆ ಹರಿವು ಹೆಚ್ಚುತ್ತ ಹೋಗುತ್ತದೆ. ಆದರೆ ಒಂದು ಹಂತದ ಆಚೆಗೆ ಹೊರಗಿನ ಒತ್ತಡ ಎಷ್ಟೇ ಇಳಿದರೂ ಹರಿವು ಹೆಚ್ಚದೆ ನಿಂತುಬಿಡುತ್ತದೆ. ಅನಿಲ ರಂಧ್ರದ ಅತಿ ಕಿರಿದಾದ ಭಾಗದಲ್ಲಿ ತನ್ನೊಳಗಿನ ಶಬ್ದವೇಗವನ್ನು ಮುಟ್ಟಿದ್ದರಿಂದ ಹೀಗಾಗುತ್ತದೆ: ಒತ್ತಡದ ಬದಲಾವಣೆ ಅನಿಲದಲ್ಲಿ ಹರಡುವುದು ಶಬ್ದದ ವೇಗದಲ್ಲಿಯೇ ಆದ್ದರಿಂದ, ಅದೇ ವೇಗದಲ್ಲಿ ಎದುರಾಗಿ ಬರುತ್ತಿರುವ ಪ್ರವಾಹವನ್ನು ಸೀಳಿ ಹೊರಗಿನ ಸುದ್ದಿ ಒಳಕ್ಕೆ ತಲಪಲಾರದು. ಇದನ್ನು ಗತಿ ಕಟ್ಟಿದ ಹರಿವು ಎನ್ನಬಹುದು. ಮೀಥೇನಿಗೆ ಒಳಗಿನ ಒತ್ತಡ ಹೊರಗಿನದರ ಸುಮಾರು 1.85 ಪಟ್ಟಾದರೆ, ಹೈಡ್ರೋಜನ್ನಿಗೆ 1.9 ಪಟ್ಟಾದರೆ ಈ ಸ್ಥಿತಿ ಒದಗುತ್ತದೆ. ಎಂಜಿನ್ ವಿನ್ಯಾಸಕರಿಗೆ ಇದೊಂದು ದೊಡ್ಡ ಅನುಕೂಲ, ಏಕೆಂದರೆ ಪಿಸ್ಟನ್ ಮೇಲೇರುತ್ತಿರುವಂತೆ ಸಿಲಿಂಡರಿನ ಒತ್ತಡ ಕ್ಷಣಕ್ಷಣಕ್ಕೂ ಬದಲಾಗುತ್ತಿದ್ದರೂ ಒಳಬರುವ ಇಂಧನದ ಪ್ರಮಾಣ ಬದಲಾಗುವುದಿಲ್ಲ. ಇಂಜೆಕ್ಟರು ಎಷ್ಟು ಹೊತ್ತು ತೆರೆದಿತ್ತು ಎಂಬುದರಿಂದಲೇ ಇಂಧನದ ತೂಕವನ್ನು ಲೆಕ್ಕ ಹಾಕಬಹುದು.

ಕೋಣೆಯ ಉಷ್ಣತೆಯಲ್ಲಿ ಸಂಗ್ರಹವಾಗಿರುವ ಅನಿಲ ರಂಧ್ರದ ಬಾಯಿಗೆ ಬರುವ ಹೊತ್ತಿಗೆ ಹಿಗ್ಗಿ ತಣ್ಣಗಾಗಿರುತ್ತದೆ. ಅಲ್ಲಿ ಮೀಥೇನಿನ ವೇಗ ಸೆಕೆಂಡಿಗೆ ಸುಮಾರು 420 ಮೀಟರ್, ಹೈಡ್ರೋಜನ್ನಿನದು ಸುಮಾರು 1200 ಮೀಟರ್. ಆದರೆ ರಂಧ್ರದ ಬಾಯಿಯಲ್ಲಿ ಅನಿಲದ ಒತ್ತಡ ಇನ್ನೂ ಹೊರಗಿನದಕ್ಕಿಂತ ಹೆಚ್ಚಾಗಿಯೇ ಉಳಿದಿರುವುದರಿಂದ ಹಿಗ್ಗುವ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ಹೀಗೆ ಹಿಗ್ಗುವಿಕೆ ಅರ್ಧಕ್ಕೇ ಇರುವಾಗ ಹೊರಬಿದ್ದ ಪ್ರವಾಹವನ್ನು ಅಪೂರ್ಣ ಹಿಗ್ಗಿನ ಧಾರೆ ಎನ್ನುತ್ತಾರೆ. ರಂಧ್ರದ ಅಂಚಿನಿಂದ ಬೀಸಣಿಗೆಯಂತೆ ಹರಡುವ ತೆಳು ತರಂಗಗಳ ನಡುವೆ ಅನಿಲ ಹಿಗ್ಗುತ್ತ ಶಬ್ದಾತೀತ ವೇಗವನ್ನು ಪಡೆಯುತ್ತದೆ. ಹೊರಗಿನ ಒತ್ತಡ ಈ ಹಿಗ್ಗನ್ನು ಸುತ್ತಲಿಂದ ಒತ್ತಿ ತಡೆಯುವುದರಿಂದ ಧಾರೆಯ ಬದಿಗಳಲ್ಲಿ ಪೀಪಾಯಿಯ ಆಕಾರದ ಆಘಾತ ತರಂಗವೊಂದು ಏರ್ಪಡುತ್ತದೆ. ಆಘಾತ ತರಂಗ ಎಂದರೆ ಒತ್ತಡ, ಉಷ್ಣತೆ, ಸಾಂದ್ರತೆಗಳು ಕೂದಲೆಳೆಗಿಂತ ತೆಳುವಾದ ಪದರದಲ್ಲಿ ಹಠಾತ್ತನೆ ಏರುವ ಗಡಿ. ಒತ್ತಡಗಳ ಅಂತರ ಸಾಧಾರಣವಾಗಿದ್ದರೆ ಈ ತರಂಗಗಳು ಧಾರೆಯ ನಡುಗೆರೆಯಲ್ಲಿ ಒಂದನ್ನೊಂದು ದಾಟಿ, ವಜ್ರಾಕೃತಿಗಳ ಸರವೊಂದನ್ನು ಪೋಣಿಸಿದಂತೆ ಮುಂದುವರಿಯುತ್ತವೆ. ಸಂಗ್ರಹದ ಒತ್ತಡ ಹೊರಗಿನದರ 4 ಪಟ್ಟನ್ನು ಮೀರಿದ ಮೇಲೆ ತರಂಗಗಳು ಹಾಗೆ ದಾಟಲಾರವು. ಆಗ ನಡುವೆ ಅಡ್ಡಲಾಗಿ ತಟ್ಟೆಯಂಥ ಆಘಾತವೊಂದು ನಿಲ್ಲುತ್ತದೆ. ಮಾಕ್ ತಟ್ಟೆ ಎಂದು ಹೆಸರಾದ ಇದನ್ನು ದಾಟಿದ ಅನಿಲ ಒಮ್ಮೆಲೇ ಶಬ್ದವೇಗಕ್ಕಿಂತ ಕೆಳಗಿಳಿದು ಮತ್ತೆ ಬಿಸಿಯಾಗುತ್ತದೆ, ಅದರ ಸುತ್ತಲಿನ ಹೊದಿಕೆ ಮಾತ್ರ ಇನ್ನೂ ಶಬ್ದಾತೀತವಾಗಿ ಓಡುತ್ತಿರುತ್ತದೆ.

ಈ ತಟ್ಟೆ ರಂಧ್ರದಿಂದ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದಕ್ಕೆ 1960ರ ದಶಕದ ಪ್ರಯೋಗಗಳಿಂದ ದೊರೆತ ಸೂತ್ರ ಅಚ್ಚರಿ ಹುಟ್ಟಿಸುವಷ್ಟು ಸರಳವಾಗಿದೆ: ಒಳಹೊರಗಿನ ಒತ್ತಡಗಳ ಅನುಪಾತದ ವರ್ಗಮೂಲವನ್ನು 0.67ರಿಂದ ಗುಣಿಸಿದರೆ ಬರುವ ಸಂಖ್ಯೆಯಷ್ಟು ರಂಧ್ರವ್ಯಾಸಗಳ ದೂರ. 30 ಬಾರ್ ಒತ್ತಡದ ಹೈಡ್ರೋಜನ್ 2 ಬಾರ್ ಒತ್ತಡದ ಸಿಲಿಂಡರಿಗೆ ನುಗ್ಗಿದರೆ ತಟ್ಟೆ ಇರುವುದು ರಂಧ್ರದ ವ್ಯಾಸದ ಸುಮಾರು 2.6 ಪಟ್ಟು ದೂರದಲ್ಲಿ. 300 ಬಾರ್ ಒತ್ತಡದ ಅನಿಲ 80 ಬಾರ್ ಒತ್ತಡದ ಸಿಲಿಂಡರಿಗೆ ನುಗ್ಗುವಾಗ ಅನುಪಾತ 4ಕ್ಕಿಂತ ಕಡಿಮೆಯಾದ್ದರಿಂದ ತಟ್ಟೆ ಮೂಡುವುದೇ ಕಷ್ಟ. ಅಂದರೆ ಆಘಾತಗಳ ಆಟ ಪ್ರಬಲವಾಗಿರುವುದು ಒತ್ತಡ ಕಡಿಮೆಯಿರುವ ಎಂಜಿನ್ನಿನಲ್ಲಿ; ಅಧಿಕ ಒತ್ತಡದ ಎಂಜಿನ್ನಿನಲ್ಲಿ ಅದು ಸೌಮ್ಯವಾಗಿರುತ್ತದೆ. ಒತ್ತಡ ಮುಖ್ಯವಲ್ಲ, ಒತ್ತಡಗಳ ಅನುಪಾತ ಮುಖ್ಯ ಎಂಬುದನ್ನು ಈ ವಿಷಯಕ್ಕೆ ಹೊಸದಾಗಿ ಬಂದವರು ಮರೆಯುವುದುಂಟು.

ಇಂಥ ಧಾರೆಗಳ ಚಿತ್ರಗಳನ್ನು 1880ರ ದಶಕದ ಕೊನೆಯಲ್ಲಿಯೇ ಅರ್ನ್‌ಸ್ಟ್ ಮಾಕ್ ಮತ್ತು ಪೀಟರ್ ಸಾಲ್ಕರ್ ಎಂಬ ವಿಜ್ಞಾನಿಗಳು ತೆಗೆದಿದ್ದರು. ಅವರು ಬಳಸಿದ ಬೆಳಕಿನ ತಂತ್ರ 1860ರ ದಶಕದಲ್ಲಿ ಆಗಸ್ಟ್ ಟೋಪ್ಲರ್ ರೂಪಿಸಿದ ಷ್ಲೀರನ್ ವಿಧಾನ: ಬಿಸಿಲಿಗೆ ಕಾದ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗುವಂತೆ ಕಾಣುವುದಕ್ಕೆ ಯಾವುದು ಕಾರಣವೋ ಅದೇ, ಅಂದರೆ ಸಾಂದ್ರತೆ ಬದಲಾದಲ್ಲಿ ಬೆಳಕು ಬಾಗುವ ಗುಣ, ಇಲ್ಲಿ ಕನ್ನಡಿಗಳ ಮತ್ತು ಚೂರಿಯಂಚಿನ ನೆರವಿನಿಂದ ಕಣ್ಣಿಗೆ ಕಾಣದ ಅನಿಲವನ್ನು ನೆರಳುಬೆಳಕಿನ ಚಿತ್ರವಾಗಿಸುತ್ತದೆ.

ಸಂವೇಗವೇ ಬಂಡವಾಳ

ರಂಧ್ರದ ಬಳಿಯ ಆಘಾತ ತರಂಗಗಳು ನೋಡಲು ಮನೋಹರವಾಗಿವೆ. ಸಂಶೋಧನಾ ಪ್ರಬಂಧಗಳ ಮುಖಪುಟಗಳಲ್ಲಿ ಅವಕ್ಕೇ ಜಾಗ. ಆದರೆ ಅವು ಆಕ್ರಮಿಸುವುದು ಒಂದೆರಡು ಮಿಲಿಮೀಟರುಗಳನ್ನು ಮಾತ್ರ. ಅದರಾಚೆ ಸಿಲಿಂಡರಿನ ಉದ್ದಗಲಕ್ಕೂ ಧಾರೆಯ ನಡೆಯನ್ನು ನಿರ್ಣಯಿಸುವುದು ಅದು ರಂಧ್ರದಿಂದ ಹೊತ್ತು ತಂದ ಸಂವೇಗ, ಅಂದರೆ ಪ್ರತಿ ಸೆಕೆಂಡಿಗೆ ಹೊರಬೀಳುವ ದ್ರವ್ಯರಾಶಿಯನ್ನು ವೇಗದಿಂದ ಗುಣಿಸಿ, ಅದಕ್ಕೆ ಬಾಯಿಯಲ್ಲಿ ಉಳಿದ ಹೆಚ್ಚುವರಿ ಒತ್ತಡದ ತಳ್ಳುವಿಕೆಯನ್ನು ಕೂಡಿಸಿದ ಮೊತ್ತ. ಆಘಾತಗಳು ಶಕ್ತಿಯ ಗುಣವನ್ನು ಕೆಡಿಸಬಹುದು, ಆದರೆ ಸಂವೇಗವನ್ನು ಕಸಿಯಲಾರವು. ಆದ್ದರಿಂದಲೇ ಆಘಾತಗಳಿರುವ ಭಾಗವನ್ನು ಲೆಕ್ಕದಿಂದ ಬಿಟ್ಟು, ಅಷ್ಟೇ ಅನಿಲವನ್ನು ಹೊರಗಿನ ಒತ್ತಡದಲ್ಲಿಯೇ ಹೊರಬಿಡುವ ಕಲ್ಪಿತ ರಂಧ್ರವೊಂದನ್ನು ಅದರ ಜಾಗದಲ್ಲಿ ಇಟ್ಟುಕೊಳ್ಳುವ ಉಪಾಯ ಸಾಧ್ಯವಾಯಿತು. ನೈಸರ್ಗಿಕ ಅನಿಲ ಸೋರಿಕೆಯ ಅಪಾಯವನ್ನು ಅಳೆಯುವ ಸಲುವಾಗಿ ಬರ್ಚ್ ಮತ್ತು ಸಂಗಡಿಗರು 1984ರಲ್ಲಿ ಪ್ರಕಟಿಸಿದ ಈ ಉಪಾಯವೇ ಮುಂದೆ ಎಂಜಿನ್ ಲೆಕ್ಕಾಚಾರಕ್ಕೂ ಬಂತು.

ಸಂವೇಗದ ಈ ಲೆಕ್ಕದಿಂದ ಹೊರಡುವ ಒಂದು ಫಲಿತಾಂಶವನ್ನು ಸ್ವಲ್ಪ ನಿಂತು ನೋಡಬೇಕು. ಹೈಡ್ರೋಜನ್ ಮೀಥೇನಿಗಿಂತ 8 ಪಟ್ಟು ಹಗುರ. ಹಗುರವಾದ ಅನಿಲ ದಟ್ಟವಾದ ಗಾಳಿಯನ್ನು ಭೇದಿಸಲಾರದು ಎಂಬ ಭಾವನೆ ಬಹಳ ಕಾಲದಿಂದ ಇದೆ. ಆದರೆ ಗತಿ ಕಟ್ಟಿದ ಹರಿವಿನಲ್ಲಿ ಹಗುರ ಅನಿಲ ತನ್ನ ಕಡಿಮೆ ತೂಕವನ್ನು ಹೆಚ್ಚಿನ ವೇಗದಿಂದ ತುಂಬಿಕೊಳ್ಳುತ್ತದೆ. ಸಂವೇಗ ಕೊನೆಗೆ ಒತ್ತಡ ಮತ್ತು ರಂಧ್ರದ ವಿಸ್ತೀರ್ಣಗಳ ಗುಣಲಬ್ಧಕ್ಕೆ ಕಟ್ಟುಬಿದ್ದಿದೆ. ಅನಿಲದ ಅಣುತೂಕ ಅದರಲ್ಲಿ ಕಾಣಿಸಿಕೊಳ್ಳುವುದೇ ಇಲ್ಲ. 0.5 ಮಿಲಿಮೀಟರ್ ವ್ಯಾಸದ ರಂಧ್ರ, 300 ಬಾರ್ ಒತ್ತಡ, 80 ಬಾರ್ ಸಿಲಿಂಡರ್ ಒತ್ತಡ ಎಂದಿಟ್ಟುಕೊಂಡರೆ ಆದರ್ಶ ಅನಿಲದ ಲೆಕ್ಕದಲ್ಲಿ ಎರಡೂ ಅನಿಲಗಳ ಧಾರೆಯ ತಳ್ಳುವ ಬಲ 6 ನ್ಯೂಟನ್‌ಗೆ ಹತ್ತಿರ, ಎಂದರೆ ಅಂಗೈ ಮೇಲಿಟ್ಟ 600 ಗ್ರಾಂ ತೂಕದ ಒತ್ತುವಿಕೆಯಷ್ಟು. ಒಂದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ, ಆ ರಂಧ್ರದಿಂದ ಸುಮಾರು 10 ಮಿಲಿಗ್ರಾಂ ಮೀಥೇನ್ ಅಥವಾ 3.6 ಮಿಲಿಗ್ರಾಂ ಹೈಡ್ರೋಜನ್ ಹೊರಬರುತ್ತದೆ. ಕಿಲೋಗ್ರಾಮಿಗೆ ಮೀಥೇನ್ 50 ಮೆಗಾಜೂಲ್, ಹೈಡ್ರೋಜನ್ 120 ಮೆಗಾಜೂಲ್ ಶಾಖ ಕೊಡುವುದರಿಂದ, ಶಕ್ತಿಯ ಲೆಕ್ಕದಲ್ಲಿ ಹೈಡ್ರೋಜನ್ ಹಿಂದೆ ಬೀಳುವುದು ಶೇಕಡಾ 10ರಿಂದ 15ರಷ್ಟು ಮಾತ್ರ. ಒಂದೇ ಇಂಜೆಕ್ಟರನ್ನು ಸಣ್ಣ ಮಾರ್ಪಾಟುಗಳೊಡನೆ ಎರಡು ಇಂಧನಗಳಿಗೂ ಹೊಂದಿಸಬಹುದೆಂಬ ಯೋಜನೆಗಳ ಹಿಂದಿರುವ ಭೌತಿಕ ಆಧಾರ ಇದೇ.

ಧಾರೆಯ ಪಯಣ ಮತ್ತು ಬೆರಕೆ

ಇಂಜೆಕ್ಟರಿನ ಸೂಜಿ ಮೇಲೆದ್ದಾಗ ಮೊದಲು ಹೊರಬಿದ್ದ ಅನಿಲ ಎದುರಿನ ನಿಶ್ಚಲ ಗಾಳಿಯನ್ನು ತಳ್ಳಬೇಕಾಗಿ ಬಂದು ನಿಧಾನವಾಗುತ್ತದೆ. ಹಿಂದಿನಿಂದ ಬರುವ ಅನಿಲ ಅದನ್ನು ಹಿಡಿದು ಒಳಹೊಕ್ಕು, ಧಾರೆಯ ತುದಿಯಲ್ಲಿ ಅಣಬೆಯ ತಲೆಯಂತೆ ಉರುಳುವ ಸುಳಿಯೊಂದು ರೂಪುಗೊಳ್ಳುತ್ತದೆ. ಸೆಕೆಂಡಿಗೆ ಹತ್ತಾರು ಸಾವಿರ ಚಿತ್ರ ಹಿಡಿಯುವ ಕ್ಯಾಮೆರಾದಲ್ಲಿ ಈ ಘಟನೆ ಸ್ಪಷ್ಟವಾಗಿ ಕಾಣುತ್ತದೆ: ಆರಂಭದ ಚಿತ್ರಗಳಲ್ಲಿ ರಂಧ್ರದ ಬಾಯಿಗೆ ಅಂಟಿಕೊಂಡ ಕಪ್ಪು ಗುಳ್ಳೆ, ಮುಂದಿನವುಗಳಲ್ಲಿ ಅದಕ್ಕೊಂದು ಕತ್ತು, ಆಮೇಲೆ ಅಂಚುಗಳು ಹರಿದ ಬಟ್ಟೆಯಂತೆ ಸೀಳುಸೀಳಾಗಿ ಅಗಲವಾಗುವ ಶಂಕು, ಅದರ ತುದಿಯಲ್ಲಿ ತಾನೇ ತನ್ನೊಳಕ್ಕೆ ಮಡಿಚಿಕೊಳ್ಳುತ್ತ ಸಾಗುವ ತಲೆ. ಈ ಎರಡು ಭಾಗಗಳ ಚಿತ್ರಣ, ಅಂದರೆ ಹಿಂದೆ ಸ್ಥಿರವಾದ ಶಂಕು ಮತ್ತು ಮುಂದೆ ಅದರಿಂದ ಪೋಷಣೆ ಪಡೆಯುತ್ತ ಬೆಳೆಯುವ ಸುಳಿಗೋಳ, ಜೆ. ಎಸ್. ಟರ್ನರ್ 1962ರಲ್ಲಿ ಮೇಲೇರುವ ಬಿಸಿಗಾಳಿಯ ಕಂಬಗಳಿಗಾಗಿ ಕೊಟ್ಟದ್ದು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಫಿಲಿಪ್ ಹಿಲ್ ಮತ್ತು ಪ್ಯಾಟ್ರಿಕ್ ಒಲೆಟ್ ಅದನ್ನು ಎಂಜಿನ್ನಿನ ಅನಿಲಧಾರೆಗೆ ಹೊಂದಿಸಿ, 1999ರಲ್ಲಿ ಧಾರೆಯ ಮುನ್ನಡೆಗೆ ಸೂತ್ರವೊಂದನ್ನು ನೀಡಿದರು. ಸಂವೇಗವನ್ನು ಸಿಲಿಂಡರಿನ ಗಾಳಿಯ ಸಾಂದ್ರತೆಯಿಂದ ಭಾಗಿಸಿ ಅದರ ನಾಲ್ಕನೆಯ ಮೂಲವನ್ನು ತೆಗೆದು, ಕಾಲದ ವರ್ಗಮೂಲದಿಂದ ಗುಣಿಸಿ, ಬಂದುದನ್ನು 3ರಿಂದ ಗುಣಿಸಿದರೆ ಧಾರೆಯ ತುದಿ ಎಲ್ಲಿದೆ ಎಂಬುದು ತಿಳಿಯುತ್ತದೆ. ಆ ಸ್ಥಿರಾಂಕ 3 ಅನಿಲ ಯಾವುದೇ ಇರಲಿ, ಒತ್ತಡ ಎಷ್ಟೇ ಇರಲಿ ಹೆಚ್ಚು ಬದಲಾಗದಿರುವುದು ಈ ಕ್ಷೇತ್ರದ ಅತ್ಯಂತ ಉಪಯುಕ್ತ ತಿಳಿವುಗಳಲ್ಲಿ ಒಂದು.

ಮೇಲಿನ ಉದಾಹರಣೆಯನ್ನೇ ಮುಂದುವರಿಸಿದರೆ, ಸಂಪೀಡನದ ಕೊನೆಯಲ್ಲಿ 80 ಬಾರ್ ಒತ್ತಡದಲ್ಲಿ 900 ಕೆಲ್ವಿನ್‌ನಷ್ಟು ಬಿಸಿಯಾದ ಗಾಳಿಯ ಸಾಂದ್ರತೆ ಘನಮೀಟರಿಗೆ ಸುಮಾರು 31 ಕಿಲೋಗ್ರಾಂ. ಧಾರೆಯ ತುದಿ ಕಾಲು ಮಿಲಿಸೆಕೆಂಡಿನಲ್ಲಿ ಸುಮಾರು 30 ಮಿಲಿಮೀಟರ್, ಒಂದು ಮಿಲಿಸೆಕೆಂಡಿನಲ್ಲಿ 60 ಮಿಲಿಮೀಟರ್ ದೂರ ಸಾಗುತ್ತದೆ: ದೂರ ಇಮ್ಮಡಿಯಾಗಲು ಕಾಲ ನಾಲ್ಮಡಿಯಾಗಬೇಕು. ಭಾರಿ ಲಾರಿಯ ಸಿಲಿಂಡರಿನ ತ್ರಿಜ್ಯ 65 ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ನಿಮಿಷಕ್ಕೆ 1500 ಸುತ್ತು ತಿರುಗುವ ಎಂಜಿನ್ನಿನಲ್ಲಿ ಒಂದು ಮಿಲಿಸೆಕೆಂಡು ಎಂದರೆ ಕ್ರ್ಯಾಂಕಿನ 9 ಡಿಗ್ರಿ ತಿರುವು ಮಾತ್ರ. ಇಷ್ಟರೊಳಗೆ ಧಾರೆ ಬೆರೆಯಬೇಕು, ಹೊತ್ತಿಕೊಳ್ಳಬೇಕು, ಮತ್ತು ಸಾಧ್ಯವಾದರೆ ಗೋಡೆಯನ್ನು ಮುಟ್ಟದೆ ಉರಿದು ಮುಗಿಯಬೇಕು. ರಂಧ್ರ ಸಣ್ಣದಾದರೆ ಧಾರೆ ಬೇಗ ಬೆರೆಯುತ್ತದೆ, ಆದರೆ ದೂರದ ಮೂಲೆಗಳ ಗಾಳಿ ಬಳಕೆಯಾಗದೆ ಉಳಿಯುತ್ತದೆ. ಸಂವೇಗ ಹೆಚ್ಚಾದರೆ ಗಾಳಿ ಸಿಗುತ್ತದೆ, ಗೋಡೆಯೂ ಸಿಗುತ್ತದೆ.

ಧಾರೆ ಮುಂದೆ ಸಾಗುತ್ತ ಬದಿಗಳಿಂದ ಗಾಳಿಯನ್ನು ಸೆಳೆದುಕೊಳ್ಳುವ ಪ್ರಮಾಣವನ್ನು ಅಳೆದವರು ರಿಕೂ ಮತ್ತು ಸ್ಪಾಲ್ಡಿಂಗ್. ಅವರ 1961ರ ಪ್ರಯೋಗದ ಸಾರವಿಷ್ಟು: ಧಾರೆಯಲ್ಲಿ ಹರಿಯುವ ಒಟ್ಟು ದ್ರವ್ಯರಾಶಿ ರಂಧ್ರದಿಂದ ದೂರವಾದಂತೆ ಸಮಪ್ರಮಾಣದಲ್ಲಿ ಹೆಚ್ಚುತ್ತ ಹೋಗುತ್ತದೆ, ಮತ್ತು ಸುತ್ತಲಿನ ಗಾಳಿ ಇಂಧನಕ್ಕಿಂತ ಎಷ್ಟು ದಟ್ಟವೋ ಅದರ ವರ್ಗಮೂಲದಷ್ಟು ಈ ಸೆಳೆತ ತೀವ್ರವಾಗುತ್ತದೆ. ಒಂದು ಕಿಲೋಗ್ರಾಂ ಮೀಥೇನಿಗೆ ಸರಿಸಮ ದಹನಕ್ಕಾಗಿ 17 ಕಿಲೋಗ್ರಾಂ, ಹೈಡ್ರೋಜನ್ನಿಗೆ 34 ಕಿಲೋಗ್ರಾಂ ಗಾಳಿ ಬೇಕು. ಇಮ್ಮಡಿ ಗಾಳಿ ಬೇಕಾದ ಹೈಡ್ರೋಜನ್ ಬೆರೆಯಲು ಇಮ್ಮಡಿ ದೂರ ಹೋಗಬೇಕಲ್ಲವೇ ಎಂದು ಕೇಳಬಹುದು. ಲೆಕ್ಕ ಹಾಕಿದರೆ ಆಗುವುದು ತಿರುವುಮುರುವು. ಮೇಲೆ ಹೇಳಿದ ರಂಧ್ರದಿಂದ ಹೊರಟ ಮೀಥೇನ್ ಸರಾಸರಿಯಲ್ಲಿ ಸರಿಸಮ ಮಿಶ್ರಣವಾಗುವುದು ಸುಮಾರು 57 ಮಿಲಿಮೀಟರ್ ದೂರದಲ್ಲಾದರೆ, ಹೈಡ್ರೋಜನ್ ಸುಮಾರು 40 ಮಿಲಿಮೀಟರಿನಲ್ಲಿಯೇ ಆ ಸ್ಥಿತಿಗೆ ಬರುತ್ತದೆ, ಏಕೆಂದರೆ ಹೊರಬಂದ ಹೈಡ್ರೋಜನ್ನಿನ ತೂಕವೇ ಕಡಿಮೆ, ಅದನ್ನು ಸುತ್ತುವರಿದ ಗಾಳಿ ಅದಕ್ಕಿಂತ ದಟ್ಟ. ಈ ಅಂಕಿಗಳು ಸ್ಥಿರವಾಗಿ ಹರಿಯುವ ಧಾರೆಯ ಅಂದಾಜುಗಳು; ಕ್ಷಣಿಕವಾದ ನಿಜಧಾರೆಯಲ್ಲಿ ನಡುಗೆರೆ ಇಂಧನದಿಂದ ದಟ್ಟವಾಗಿಯೂ ಅಂಚುಗಳು ತೆಳುವಾಗಿಯೂ ಇರುತ್ತವೆ. ಆದರೂ ಎರಡು ಇಂಧನಗಳ ನಡುವಣ ಹೋಲಿಕೆಯ ದಿಕ್ಕು ಬದಲಾಗುವುದಿಲ್ಲ.

ಗೋಡೆ, ಚಾವಣಿ, ನೆರೆಯ ಧಾರೆ

ತೆರೆದ ಬಯಲಿನಲ್ಲಿ ಹರಿಯುವ ಧಾರೆಗೂ ಎಂಜಿನ್ನಿನ ಇಕ್ಕಟ್ಟಿನಲ್ಲಿ ಹರಿಯುವ ಧಾರೆಗೂ ಬಹಳ ವ್ಯತ್ಯಾಸ. ಧಾರೆ ಸುತ್ತಲ ಗಾಳಿಯನ್ನು ಸೆಳೆಯುವಾಗ ಒಂದು ಬದಿಯಲ್ಲಿ ಗೋಡೆ ಹತ್ತಿರವಿದ್ದರೆ ಆ ಬದಿಗೆ ಹೊಸ ಗಾಳಿ ಒದಗುವುದಿಲ್ಲ. ಅಲ್ಲಿ ಒತ್ತಡ ಕುಸಿದು ಧಾರೆ ಗೋಡೆಗೆ ವಾಲಿ ಅಂಟಿಕೊಳ್ಳುತ್ತದೆ. ಬೋಗುಣಿಯ ಹೊರಮೈಗೆ ನಲ್ಲಿಯ ನೀರು ಅಂಟಿ ಇಳಿಯುವುದನ್ನು ಅಡುಗೆಮನೆಯಲ್ಲಿ ಕಂಡವರಿಗೆ ಇದರ ಹೋಲಿಕೆ ಹೊಳೆಯುತ್ತದೆ. ಕೊವಾಂಡ ಪರಿಣಾಮವೆಂದು ಕರೆಯಲಾಗುವ ಈ ಒಲವು ಅನಿಲಧಾರೆಗಳಲ್ಲಿ ವಿಶೇಷ ಪ್ರಬಲ. ಹೊರಮುಖವಾಗಿ ತೆರೆದುಕೊಳ್ಳುವ ಕವಾಟದ ಇಂಜೆಕ್ಟರುಗಳಿಂದ ಧಾರೆ ಟೊಳ್ಳಾದ ಶಂಕುವಿನಂತೆ ಹರಡುತ್ತದೆ. ಆದರೆ ಶಂಕುವಿನ ಒಳಗೆ ಸಿಕ್ಕಿಬಿದ್ದ ಗಾಳಿ ಬಹುಬೇಗ ಸೆಳೆದು ಹೋಗಿ, ಒತ್ತಡ ಕುಸಿದು, ಶಂಕು ಮಡಿಚಿಕೊಂಡು ನಡುಗೆರೆಯ ಮೇಲೆ ಒಂದೇ ದಪ್ಪ ಧಾರೆಯಾಗಿಬಿಡುವುದುಂಟು. ಶಂಕುವಿನ ಕೋನ ಅಗಲವಾಗಿದ್ದರೆ ಅದೇ ಧಾರೆ ಮೇಲಕ್ಕೆ ವಾಲಿ ಸಿಲಿಂಡರಿನ ಚಾವಣಿಗೆ ಅಂಟುತ್ತದೆ. ಹಲವು ರಂಧ್ರಗಳ ಇಂಜೆಕ್ಟರಿನಲ್ಲಿ ರಂಧ್ರಗಳು ಒತ್ತೊತ್ತಾಗಿದ್ದರೆ ನೆರೆಹೊರೆಯ ಧಾರೆಗಳು ಒಂದರ ಗಾಳಿಗಾಗಿ ಇನ್ನೊಂದು ಪೈಪೋಟಿ ನಡೆಸಿ ಕೊನೆಗೆ ಕೂಡಿಕೊಳ್ಳುತ್ತವೆ. ದ್ರವಧಾರೆಯ ಹನಿಗಳಿಗೆ ತಮ್ಮದೇ ಜಡತ್ವವಿರುವುದರಿಂದ ಅವು ಈ ಸೆಳೆತಕ್ಕೆ ಅಷ್ಟಾಗಿ ಬಗ್ಗುವುದಿಲ್ಲ. ಡೀಸೆಲ್ಲಿಗೆ ಪಳಗಿದ ವಿನ್ಯಾಸವನ್ನು ಅನಿಲಕ್ಕೆ ಹಾಗೆಯೇ ಎತ್ತಿಕೊಂಡರೆ ಕೆಡುವುದು ಬಹುಪಾಲು ಈ ಹಂತದಲ್ಲಿಯೇ.

ಗೋಡೆಗೆ ಬಡಿದ ಧಾರೆ ಅದರ ಮೇಲೆ ತೆಳುವಾಗಿ ಹರಡುತ್ತ ಬೆರಕೆಯನ್ನು ಮುಂದುವರಿಸುತ್ತದೆ. ಇದರಲ್ಲಿ ಲಾಭವೂ ಇದೆ: ಪಿಸ್ಟನ್ನಿನ ಬಟ್ಟಲನ್ನು ತಕ್ಕಂತೆ ರೂಪಿಸಿದರೆ ಬಡಿದ ಧಾರೆಯನ್ನು ತಿರುಗಿಸಿ, ಕಿಡಿ ಹಾರುವ ಕಡೆಗೋ ಬಳಕೆಯಾಗದ ಗಾಳಿಯ ಕಡೆಗೋ ಕಳಿಸಬಹುದು. ನಷ್ಟವೆಂದರೆ, ಗೋಡೆಯ ಸಮೀಪದ ತಣ್ಣನೆಯ ಪದರದಲ್ಲಿ ಜ್ವಾಲೆ ನಂದುತ್ತದೆ, ಮತ್ತು ಹೈಡ್ರೋಜನ್ನಿನ ಜ್ವಾಲೆ ಗೋಡೆಗೆ ಬಲು ಹತ್ತಿರದವರೆಗೂ ಉರಿಯುವುದರಿಂದ ಶಾಖ ಲೋಹಕ್ಕೆ ಸೋರಿಹೋಗುತ್ತದೆ.

ಹೊತ್ತಿಸುವ ಬಗೆ

ಸಂಪೀಡನದ ಕಾವಿಗೆ ಡೀಸೆಲ್ ತಾನೇ ಹೊತ್ತಿಕೊಳ್ಳುತ್ತದೆ, ಮೀಥೇನ್ ಹೊತ್ತಿಕೊಳ್ಳುವುದಿಲ್ಲ. ಕೈಪಿಡಿಗಳಲ್ಲಿ ಮೀಥೇನಿನ ಸ್ವಯಂಜ್ವಲನ ಉಷ್ಣತೆ 540 ಡಿಗ್ರಿ ಸೆಲ್ಸಿಯಸ್ ಆಸುಪಾಸು ಎಂದಿದ್ದರೂ ಆ ಅಂಕಿ ಕಾಯಿಸಿದ ಪಾತ್ರೆಯಲ್ಲಿ ಬಹಳ ಹೊತ್ತು ಕಾದಾಗಿನದು. ಎಂಜಿನ್ನಿಗೆ ಅಷ್ಟು ವ್ಯವಧಾನವಿಲ್ಲ. ನೇಬರ್, ಸೀಬರ್ಸ್ ಮೊದಲಾದವರು ಅಮೆರಿಕದ ಸ್ಯಾಂಡಿಯಾ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ನಡೆಸಿದ, 1994ರಲ್ಲಿ ಪ್ರಕಟವಾದ ಪ್ರಯೋಗಗಳ ಪ್ರಕಾರ ನೈಸರ್ಗಿಕ ಅನಿಲದ ಧಾರೆ 2 ಮಿಲಿಸೆಕೆಂಡಿನೊಳಗೆ ಹೊತ್ತಿಕೊಳ್ಳಬೇಕಾದರೆ ಗಾಳಿಯ ಉಷ್ಣತೆ 1200 ಕೆಲ್ವಿನ್ ಅಥವಾ ಸುಮಾರು 930 ಡಿಗ್ರಿ ಸೆಲ್ಸಿಯಸ್ ಸಮೀಪಕ್ಕೆ ಏರಬೇಕು. ಸಾಮಾನ್ಯ ಡೀಸೆಲ್ ಎಂಜಿನ್ನಿನಲ್ಲಿ ದೊರೆಯುವುದು ಅದಕ್ಕಿಂತ 300 ಡಿಗ್ರಿ ಕಡಿಮೆ. ಆದ್ದರಿಂದ ಹೊರಗಿನ ಸಹಾಯ ಬೇಕು: ಕೆಂಪಗೆ ಕಾದ ಮೇಲ್ಮೈ, ವಿದ್ಯುತ್ ಕಿಡಿ, ಅಥವಾ ಮೊದಲು ಚಿಮ್ಮಿಸಿ ಹೊತ್ತಿಸಿದ ಚೂರು ಡೀಸೆಲ್.

ಕೊನೆಯ ಮಾರ್ಗವೇ ಭಾರಿ ಎಂಜಿನ್‌ಗಳಲ್ಲಿ ಗೆದ್ದಿದೆ. ಬ್ರಿಟಿಷ್ ಕೊಲಂಬಿಯಾದ ಸಂಶೋಧನೆಯಿಂದ ಹುಟ್ಟಿ 1995ರಲ್ಲಿ ವ್ಯಾಂಕೂವರಿನಲ್ಲಿ ಸ್ಥಾಪನೆಯಾದ ವೆಸ್ಟ್‌ಪೋರ್ಟ್ ಕಂಪನಿ ಬೆಳೆಸಿದ ಇಂಜೆಕ್ಟರಿನಲ್ಲಿ ಒಂದರೊಳಗೊಂದು ಕೂರುವ ಎರಡು ಸೂಜಿಗಳಿವೆ: ಒಳಗಿನದು ಡೀಸೆಲ್ಲಿಗೆ, ಹೊರಗಿನದು ಅನಿಲಕ್ಕೆ. ಪಿಸ್ಟನ್ ಮೇಲ್ತುದಿಗೆ ಬರುವ ಹೊತ್ತಿಗೆ ಒಟ್ಟು ಶಕ್ತಿಯ ಶೇಕಡಾ 5ರ ಸುಮಾರಿನಷ್ಟು ಡೀಸೆಲ್ ಹೊರಬಂದು ಹೊತ್ತಿಕೊಂಡು ಬಟ್ಟಲಿನ ಸುತ್ತ ಕಿರುಜ್ವಾಲೆಗಳನ್ನು ನೆಡುತ್ತದೆ. ಒಡನೆಯೇ ಅನಿಲಧಾರೆಗಳು ಆ ಜ್ವಾಲೆಗಳೊಳಕ್ಕೆ ನುಗ್ಗಿ, ಬೆರೆತಂತೆ ಬೆರೆತಂತೆ ಉರಿಯುತ್ತವೆ. ಮೊದಲೇ ಬೆರೆತ ಮಿಶ್ರಣವಿಲ್ಲದ್ದರಿಂದ ಎಂಜಿನ್ ಬಡಿದುಕೊಳ್ಳುವ ಭಯವಿಲ್ಲ, ಡೀಸೆಲ್ಲಿನ ಸಂಪೀಡನ ಅನುಪಾತವನ್ನು ಇಳಿಸಬೇಕಾಗಿಯೂ ಇಲ್ಲ. ವೋಲ್ವೋ ಕಂಪನಿ 2017ರಲ್ಲಿ ಪ್ರಕಟಿಸಿದ ದ್ರವೀಕೃತ ಅನಿಲದ ಲಾರಿಗಳು ಈ ತತ್ತ್ವದಲ್ಲಿಯೇ ಓಡುತ್ತವೆ. ಹಡಗುಗಳಲ್ಲಿ ಮಾನ್ ಕಂಪನಿಯ ಎರಡು ಹೊಡೆತದ ಬೃಹತ್ ಎಂಜಿನ್‌ಗಳು ಸುಮಾರು 300 ಬಾರ್ ಒತ್ತಡದ ಅನಿಲವನ್ನು ಇದೇ ರೀತಿ ಉರಿಸುತ್ತವೆ. ಅಂಥ ಎಂಜಿನ್ನಿನ, ದ್ರವೀಕೃತ ಅನಿಲದಿಂದ ಚಲಿಸುವ ಕಂಟೇನರ್ ಹಡಗು ಇಸ್ಲಾ ಬೆಲ್ಲಾ 2015ರಲ್ಲಿ ಅಮೆರಿಕದಲ್ಲಿ ನೀರಿಗಿಳಿಯಿತು. ಅನಿಲವನ್ನು 300 ಬಾರ್‌ಗೆ ಒತ್ತಲು ಅಪಾರ ಶಕ್ತಿ ಬೇಕಾಗುತ್ತದೆಂಬ ಆಕ್ಷೇಪಕ್ಕೆ ಈ ವ್ಯವಸ್ಥೆಗಳಲ್ಲಿ ಅಂದವಾದ ಉತ್ತರವಿದೆ: ಮೈನಸ್ 160 ಡಿಗ್ರಿಯ ಸುಮಾರಿನಲ್ಲಿ ದ್ರವವಾಗಿರುವಾಗಲೇ ಇಂಧನವನ್ನು ಪಂಪಿನಿಂದ ಒತ್ತಿ, ಆಮೇಲೆ ಕಾಯಿಸಿ ಅನಿಲವಾಗಿಸುತ್ತಾರೆ. ದ್ರವ ಕುಗ್ಗುವುದು ಅತ್ಯಲ್ಪವಾದ್ದರಿಂದ ಪಂಪಿಗೆ ತಗಲುವ ಶಕ್ತಿಯೂ ಅಲ್ಪ.

ಹೈಡ್ರೋಜನ್ನಿನದು ಬೇರೆಯೇ ಪರಿಸ್ಥಿತಿ. ಅದನ್ನು ಹೊತ್ತಿಸಲು ಬೇಕಾದ ಕನಿಷ್ಠ ಶಕ್ತಿ 0.02 ಮಿಲಿಜೂಲ್, ಮೀಥೇನಿಗೆ ಬೇಕಾದುದರ ಹದಿನೈದರಲ್ಲೊಂದು ಭಾಗದ ಸುಮಾರಿನಷ್ಟು. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಯಾವ ಪ್ರಮಾಣದಲ್ಲಿದ್ದರೂ ಉರಿಯಬಲ್ಲದು. ಹೊತ್ತಿಸುವುದಕ್ಕಿಂತ ಹೊತ್ತದಂತೆ ಕಾಯುವುದೇ ಕಷ್ಟವಾದ್ದರಿಂದ ಬಹುತೇಕ ವಿನ್ಯಾಸಗಳು ಗಾಳಿಯ ವಾಲ್ವ್ ಮುಚ್ಚಿದ ಸ್ವಲ್ಪದರಲ್ಲಿ 10ರಿಂದ 40 ಬಾರ್ ಒತ್ತಡದಲ್ಲಿ ಹೈಡ್ರೋಜನ್ನನ್ನು ಒಳಬಿಟ್ಟು, ಬೆರೆತ ತೆಳು ಮಿಶ್ರಣವನ್ನು ಕಿಡಿಯಿಂದ ಹೊತ್ತಿಸುತ್ತವೆ. ಒತ್ತಡವನ್ನು ತಗ್ಗಿಸಿಟ್ಟುಕೊಳ್ಳಲು ಇನ್ನೊಂದು ಕಾರಣ ತೊಟ್ಟಿಯದು: 350 ಅಥವಾ 700 ಬಾರ್‌ಗೆ ತುಂಬಿದ ತೊಟ್ಟಿ ಖಾಲಿಯಾಗುತ್ತ ಬಂದಂತೆ ಒತ್ತಡವೂ ಇಳಿಯುತ್ತದೆ, ಮತ್ತು ಇಂಜೆಕ್ಟರಿಗೆ 300 ಬಾರ್ ಬೇಕೆಂದಾದರೆ ತೊಟ್ಟಿಯ ಬಹುಭಾಗ ಬಳಸಲಾಗದೆ ಉಳಿಯುತ್ತದೆ, ಇಲ್ಲವೇ ಲಾರಿಯ ಮೇಲೆಯೇ ಸಂಪೀಡಕವೊಂದನ್ನು ಹೊರಬೇಕಾಗುತ್ತದೆ. ಭಾರತದಲ್ಲಿ ಹೈಡ್ರೋಜನ್ ಉರಿಸುವ ಎಂಜಿನ್ನಿನ ಭಾರಿ ಲಾರಿಯನ್ನು ರಿಲಯನ್ಸ್ ಮತ್ತು ಅಶೋಕ್ ಲೇಲ್ಯಾಂಡ್ ಕಂಪನಿಗಳು 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಭಾರತ ಇಂಧನ ಸಪ್ತಾಹದಲ್ಲಿ ಪ್ರದರ್ಶಿಸಿದವು. ಸಂಗ್ರಹದ ಒತ್ತಡ ಮತ್ತು ಧಾರೆಯ ಒತ್ತಡಗಳ ನಡುವಣ ಈ ಎಳೆದಾಟ ನೇರ ಇಂಜೆಕ್ಷನ್ನಿಗೆ ಹೊರಳುವ ಯಾವ ಹೈಡ್ರೋಜನ್ ಲಾರಿಗೂ ತಪ್ಪಿದ್ದಲ್ಲ.

ಅಳತೆ ಮತ್ತು ಲೆಕ್ಕಾಚಾರ

ಎಂಜಿನ್ನಿನ ಒಳಗನ್ನು ನೋಡಲು ಸ್ಫಟಿಕ ಶಿಲೆಯ ಕಿಟಕಿಗಳಿರುವ ಸ್ಥಿರಗಾತ್ರದ ಕೋಶಗಳನ್ನೂ ಪಾರದರ್ಶಕ ಪಿಸ್ಟನ್ನಿನ ಎಂಜಿನ್‌ಗಳನ್ನೂ ಬಳಸುತ್ತಾರೆ. ಷ್ಲೀರನ್ ಚಿತ್ರ ಧಾರೆಯ ಅಂಚನ್ನು ತೋರಿಸಬಲ್ಲದೇ ಹೊರತು ಅದರೊಳಗೆ ಇಂಧನ ಎಲ್ಲೆಲ್ಲಿ ಎಷ್ಟಿದೆ ಎಂದು ಹೇಳಲಾರದು. ಅದಕ್ಕಾಗಿ ಇಂಧನದಲ್ಲಿ ಅಸಿಟೋನಿನಂಥ ವಸ್ತುವನ್ನು ತುಸು ಬೆರೆಸಿ, ಹಾಳೆಯಂತೆ ತೆಳುವಾಗಿ ಹರಡಿದ ಲೇಸರ್ ಬೆಳಕನ್ನು ಹಾಯಿಸಿ, ಆ ವಸ್ತು ಮಿನುಗುವ ಪ್ರಮಾಣದಿಂದ ಇಂಧನದ ಹಂಚಿಕೆಯನ್ನು ಅಳೆಯುತ್ತಾರೆ. ಕಂಪ್ಯೂಟರ್ ಲೆಕ್ಕಾಚಾರದ ತೊಡಕು ಅಳತೆಗಳ ಅಂತರದಲ್ಲಿದೆ: ಅರ್ಧ ಮಿಲಿಮೀಟರ್ ರಂಧ್ರದ ಆಘಾತಗಳನ್ನು ಹಿಡಿಯಲು ಮಿಲಿಮೀಟರಿನ ಕೆಲವು ಶತಾಂಶಗಳಷ್ಟು ಸಣ್ಣ ಜಾಲರಿ ಬೇಕು, ಆದರೆ ಸಿಲಿಂಡರು ಅದರ ಸಾವಿರಾರು ಪಟ್ಟು ಅಗಲ. ಹಾಗಾಗಿ ಕಲ್ಪಿತ ರಂಧ್ರದ ಉಪಾಯ ಇಂದಿಗೂ ಬಳಕೆಯಲ್ಲಿದೆ. ಕೊವಾಂಡ ಪರಿಣಾಮ ಪ್ರಬಲವಾಗಿರುವ ಇಂಜೆಕ್ಟರುಗಳಲ್ಲಿ ಮಾತ್ರ ಅದು ಸಾಲದು.

ಧಾರೆಯ ಕೊನೆ

ಅಧ್ಯಯನಗಳ ಗಮನ ಧಾರೆಯ ಆರಂಭದ ಮೇಲೆಯೇ ಹೆಚ್ಚು; ಅದರ ಅಂತ್ಯಕ್ಕೂ ಅಷ್ಟೇ ಗಮನ ಸಲ್ಲಬೇಕು. ಸೂಜಿ ಕೂತ ಮೇಲೆ ಧಾರೆಯ ಬಾಲದಲ್ಲಿ ಒತ್ತಡ ಇಲ್ಲವಾಗಿ ಗಾಳಿಯ ಸೆಳೆತ ಒಮ್ಮೆಲೇ ಹೆಚ್ಚುವುದರಿಂದ, ರಂಧ್ರದ ಬಳಿಯ ಇಂಧನ ಉರಿಯಲಾರದಷ್ಟು ತೆಳುವಾಗಬಹುದು. ಸೂಜಿಗೂ ರಂಧ್ರಗಳಿಗೂ ನಡುವಣ ಪುಟ್ಟ ಪೊಟರೆಯಲ್ಲಿ ಸಿಕ್ಕಿಕೊಂಡ ಅನಿಲ, ಪಿಸ್ಟನ್ ಇಳಿದು ಸಿಲಿಂಡರಿನ ಒತ್ತಡ ಕುಗ್ಗಿದಂತೆ, ಜ್ವಾಲೆ ಆರಿದ ಮೇಲೆ ಮೆಲ್ಲಗೆ ಹೊರಸೋರುತ್ತದೆ. ಹೈಡ್ರೋಜನ್ನಾದರೆ ಇದು ಮುಖ್ಯವಾಗಿ ಇಂಧನ ನಷ್ಟ. ಮೀಥೇನಾದರೆ, ನೂರು ವರ್ಷಗಳ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ತೂಕಕ್ಕೆ ತೂಕ ಸುಮಾರು 28 ಪಟ್ಟು ಭೂಮಿಯನ್ನು ಕಾಯಿಸುವ ಅನಿಲ ವಾತಾವರಣ ಸೇರುತ್ತದೆ. ಯುರೋಪಿಯನ್ ಒಕ್ಕೂಟ 2023ರಲ್ಲಿ ಹಡಗುಗಳ ಇಂಧನಕ್ಕಾಗಿ ಹೊರಡಿಸಿದ ನಿಯಮಾವಳಿ, ಅನಿಲವನ್ನು ಮೊದಲೇ ಬೆರೆಸಿ ಉರಿಸುವ ಮಧ್ಯಮ ವೇಗದ ದ್ವಿ-ಇಂಧನ ಎಂಜಿನ್‌ಗಳಲ್ಲಿ ಇಂಧನದ ಶೇಕಡಾ 3.1ರಷ್ಟು, ಅದೇ ಬಗೆಯ ನಿಧಾನ ವೇಗದ ಎಂಜಿನ್‌ಗಳಲ್ಲಿ ಶೇಕಡಾ 1.7ರಷ್ಟು ಉರಿಯದೆ ಹೊರಹೋಗುತ್ತದೆಂದು ಲೆಕ್ಕಕ್ಕೆ ಹಿಡಿದರೆ, ಅಧಿಕ ಒತ್ತಡದ ಧಾರೆಯನ್ನು ಡೀಸೆಲ್ ಕ್ರಮದಲ್ಲಿ ಉರಿಸುವ ನಿಧಾನ ವೇಗದ ಎಂಜಿನ್‌ಗಳಿಗೆ ಶೇಕಡಾ 0.2 ಎಂದು ನಿಗದಿ ಮಾಡಿದೆ. ಆ 0.2ರಲ್ಲಿ ಸೂಜಿಯ ಕೆಳಗಿನ ಪೊಟರೆಗೂ ಪಾಲಿರುವುದರಿಂದಲೇ ಹೊಸ ಇಂಜೆಕ್ಟರುಗಳ ವಿನ್ಯಾಸದಲ್ಲಿ ಅದರ ಗಾತ್ರವನ್ನು ಘನಮಿಲಿಮೀಟರುಗಳಲ್ಲಿ ಎಣಿಸಿ ಕಿರಿದುಗೊಳಿಸುವ ಕೆಲಸ ನಡೆದಿದೆ.